ರೇಷ್ಮೆ ಸ್ಟ್ಯಾಂಡಿನಲ್ಲಿ ಜೇಡಗಳ ದರ್ಬಾರು!

ಊಹಿಸಿ ನೋಡೋಣ!

ಬರ್ಲಿನ್‌ನಲ್ಲಿ, ಲಂಡನ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಜೇಡ ಸಾಕುವವರಿದ್ದಾರೆ. ಹವ್ಯಾಸ ಅಂದರೆ ಅಂತಿಂಥ ಹವ್ಯಾಸವಲ್ಲ! ಗೋಡೆಯುದ್ದಕ್ಕೂ ಶೆಲ್ಫು. ಶೆಲ್ಫಿನ ತುಂಬ ಗಾಜಿನ ಪೆಟ್ಟಿಗೆ. ಪ್ರತಿ ಪೆಟ್ಟಿಗೆಗೂ ಪುಟ್ಟ ದೀಪ, ಹೆಸರಿನ ಚೀಟಿ. ಅಲ್ಲಿ ಎಲ್ಲರ ಕಣ್ಣು ಮೊದಲು ಬೀಳುವುದು ಒಂದು ಜೇಡದ ಮೇಲೆ. ಅಂಗೈ ಅಗಲದ ಜೇಡ. ಅದು ಎಲ್ಲಿಯದು ಹೇಳಿ?

ಬ್ರೆಜಿಲ್? ತಪ್ಪು. ಮೆಕ್ಸಿಕೊ? ತಪ್ಪು. ಆಫ್ರಿಕಾ? ಅಲ್ಲವೇ ಅಲ್ಲ!

ಗುತ್ತಿ! ಹೌದು, ಬಳ್ಳಾರಿಯ ಗಡಿ ದಾಟಿದರೆ ಸಿಗುವ, ಅನಂತಪುರ ಜಿಲ್ಲೆಯ ಗುತ್ತಿ. ಮಾಲೂರು ತಾಲ್ಲೂಕಿನ ಮಾಸ್ತಿಯಿಂದ ನೇರ ಗೆರೆ ಎಳೆದರೆ 250 ಕಿಲೋಮೀಟರ್ ಆಸುಪಾಸು, ಅಷ್ಟೇ!

ಇನ್ನು ಬಣ್ಣ ಊಹಿಸಿ. ಕಪ್ಪು? ಕಂದು? ಬೂದಿ?

ನೀಲಿ! ಅಪ್ಪಟ, ಹೊಳೆಯುವ, ಕಣ್ಣು ಕುಕ್ಕುವ ನೀಲಿ! ಕಾಲುಗಳ ಮೇಲೆ ನಡುನಡುವೆ ಹಳದಿ ಮಚ್ಚೆ, ಬೆನ್ನಿನ ಮೇಲೆ ಬಿಳಿ ಚಿತ್ತಾರ. ಹೆಸರು ಪೊಯಿಸಿಲೋಥೀರಿಯಾ ಮೆಟಾಲಿಕಾ. 1899ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೋಕಾಕ್ ಇದನ್ನು ಲೋಕಕ್ಕೆ ಪರಿಚಯಿಸಿದರು. ಅವರ ಕೈಯಲ್ಲಿದ್ದದ್ದು ಒಂದೇ ಒಂದು ಹೆಣ್ಣು ಜೇಡ. ಅದು ಸಿಕ್ಕಿದ್ದು ಯಾವ ದಟ್ಟ ಕಾಡಿನಲ್ಲೂ ಅಲ್ಲ, ಗುತ್ತಿಯ ರೈಲ್ವೆ ಮರದ ಅಡ್ಡೆಯಲ್ಲಿ!

ಆಮೇಲೆ? ಆಮೇಲೆ ಆ ಜೇಡ ಮಾಯ! ಹತ್ತು ವರ್ಷ ಕಾಣಲಿಲ್ಲ. ಐವತ್ತು ವರ್ಷ ಕಾಣಲಿಲ್ಲ. ಮತ್ತೆ ಕಣ್ಣಿಗೆ ಬಿದ್ದದ್ದು ಎಷ್ಟು ವರ್ಷಕ್ಕೆ ಗೊತ್ತೇ? 102 ವರ್ಷಕ್ಕೆ! 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನ ಮರದ ಪೊಟರೆಯಲ್ಲಿ. ಗುತ್ತಿಗೆ ಅದು ಬಂದದ್ದು ಬಹುಶಃ ಯಾವುದೋ ಮರದ ದಿಮ್ಮಿಯೊಳಗೆ ಕೂತು, ರೈಲಿನಲ್ಲಿ!

ಇನ್ನೂ ಇದೆ, ಕೇಳಿ. ಆ ನೀಲಿಯಲ್ಲಿ ನೀಲಿ ಬಣ್ಣವೇ ಇಲ್ಲ! ಕೂದಲಿನ ಒಳಗಿನ ಅತಿಸೂಕ್ಷ್ಮ ಪದರಗಳು ಬೆಳಕನ್ನು ಮುರಿದು ಮಡಚಿ ನೀಲಿಯನ್ನಷ್ಟೇ ನಮ್ಮ ಕಡೆ ತಿರುಗಿಸುತ್ತವೆ. 2015ರಲ್ಲಿ ವಿಜ್ಞಾನಿಗಳು ಈ ಬಗೆಯ ದೊಡ್ಡ ಜೇಡಗಳ ವಂಶವೃಕ್ಷ ಹಿಡಿದು ಕೂತರು. ನೀಲಿ ಎಷ್ಟು ಸಲ ಹುಟ್ಟಿದೆ? ಒಮ್ಮೆ? ಎರಡು ಸಲ? ಕನಿಷ್ಠ 8 ಸಲ, ಬೇರೆ ಬೇರೆಯಾಗಿ!

ಮೈಸೂರಿಗೂ ಇದರ ನೆಂಟಸ್ತಿಕೆ ಇದೆ. ಇದೇ ಕುಲದ ಪೊಯಿಸಿಲೋಥೀರಿಯಾ ಸ್ಟ್ರಯಾಟಾವನ್ನು ಜಗತ್ತಿನ ಜೇಡಪ್ರಿಯರು ಇವತ್ತಿಗೂ ಮೈಸೂರಿನ ಹೆಸರಿನಲ್ಲೇ ಕರೆಯುತ್ತಾರೆ. ಅದನ್ನೂ ಪೋಕಾಕ್ ಅವರೇ 1895ರಲ್ಲಿ ಗುರುತಿಸಿದ್ದು. ಎಲ್ಲಿಯ ಶೆಲ್ಫು, ಎಲ್ಲಿಯ ಮೈಸೂರು!

ಹಾಗಾದರೆ ಮಾಸ್ತಿಯಲ್ಲೂ ಒಂದು ಜೇಡದ ಶೆಲ್ಫು ಕಟ್ಟಬಹುದೇ?

ಕಟ್ಟಬಹುದು! ಖಂಡಿತ ಕಟ್ಟಬಹುದು! ಆದರೆ ಈ ನೀಲಿ ಸುಂದರಿಗಲ್ಲ. ಅವಳ ಕಾಡು 100 ಚದರ ಕಿಲೋಮೀಟರಿಗೂ ಕಡಿಮೆ ಎಂದು ಲೆಕ್ಕ ಹಾಕಿ, 2008ರಲ್ಲಿ ಜೀವಿಗಳ ಅಳಿವು ಉಳಿವಿನ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆ ಅವಳನ್ನು ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿಸಿತು. 2019ರಲ್ಲಿ ಆ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ಸೈಟಿಸ್ ಒಪ್ಪಂದ ಕಡಿವಾಣ ಹಾಕಿತು. ಕಚ್ಚಿದರೆ ದಿನಗಟ್ಟಲೆ ಸ್ನಾಯು ಸೆಳೆತ ಬೇರೆ. ಮರದ ಪೊಟರೆಯೇ ಅವಳ ಶೆಲ್ಫು, ಅಲ್ಲೇ ಇರಲಿ.

ವಿದೇಶದಿಂದ ತರಿಸೋಣ ಅಂತೀರಾ? ಒಂದು ಪಾರ್ಸೆಲ್ ಕಥೆ ಹೇಳುತ್ತೇನೆ. 2021ರ ಜುಲೈ. ಪೋಲೆಂಡಿನಿಂದ ಚೆನ್ನೈಗೆ ಒಂದು ಪೊಟ್ಟಣ ಬಂತು. ಕಸ್ಟಮ್ಸ್ ಅಧಿಕಾರಿಗಳು ಬಿಚ್ಚಿದರು. ಒಳಗೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಸೀಸೆ, ಒಂದೊಂದಕ್ಕೂ ಬೆಳ್ಳಿ ಹಾಳೆ, ಹತ್ತಿ. ಸೀಸೆಯೊಳಗೆ ಜೀವಂತ ಜೇಡ! ಎಷ್ಟಿದ್ದವು? ಹತ್ತು? ಇಪ್ಪತ್ತು? 107! ಪರವಾನಗಿ ಇಲ್ಲ, ಆರೋಗ್ಯ ಪತ್ರ ಇಲ್ಲ. ಎಲ್ಲವನ್ನೂ ಪೋಲೆಂಡಿಗೇ ವಾಪಸ್ ಕಳಿಸಲು ಅಂಚೆಯವರ ಕೈಗೆ ಕೊಟ್ಟರು. ಆ ದಾರಿ ನಮಗೆ ಬೇಡವೇ ಬೇಡ.

ಬೇಕಾಗಿಯೂ ಇಲ್ಲ! ಶೆಲ್ಫಿನ ರಾಜಕುಮಾರ ನಿಮ್ಮ ಗೋಡೆಯ ಮೇಲೇ ಓಡಾಡುತ್ತಿದ್ದಾನೆ!

ಮೊದಲು ಶೆಲ್ಫು. ಅದನ್ನು ಎಲ್ಲಿಂದ ತರುವುದು? ಬಡಗಿಗೆ ಹೇಳಬೇಡಿ. ಆನ್‌ಲೈನ್‌ನಲ್ಲಿ ಹುಡುಕಬೇಡಿ. ಕೋಲಾರ ಸೀಮೆಯ ಹಳೆಯ ರೇಷ್ಮೆ ಹುಳು ಮನೆಗೆ ಹೋಗಿ!

ಹೌದು, ರೇಷ್ಮೆ ಸ್ಟ್ಯಾಂಡು! ಹುಳುಗಳಿಗೆ ಸೊಪ್ಪನ್ನು ರೆಂಬೆ ಸಮೇತ ಹಾಕುವ ಪದ್ಧತಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ತಟ್ಟೆಗಳ ಹಳೆಯ ಸ್ಟ್ಯಾಂಡು ಮೂಲೆ ಸೇರಿದೆ. ಒಂದರ ಮೇಲೊಂದು ಅಂತಸ್ತು. ಗಾಳಿಗೆ ನಾಲ್ಕೂ ಕಡೆ ದಾರಿ. ನೂಲು ನೂಲುವ ಜೀವಿಗಳನ್ನು ಅಂತಸ್ತು ಅಂತಸ್ತಾಗಿ ಸಾಕುವ ವಿದ್ಯೆ ಜಗತ್ತಿಗೆ ಹೊಸದಿರಬಹುದು, ಕೋಲಾರಕ್ಕೆ ಹೊಸದೇ?

ಅದರಲ್ಲಿ ಅತ್ಯಂತ ಜಾಣ ಭಾಗ ಯಾವುದು ಹೇಳಿ? ತಟ್ಟೆಯಲ್ಲ. ಚೌಕಟ್ಟೂ ಅಲ್ಲ. ಕಾಲಿನ ಕೆಳಗಿನ ನೀರಿನ ಬಟ್ಟಲು! ನಾಲ್ಕು ಕಾಲು, ನಾಲ್ಕು ಬಟ್ಟಲು, ಇರುವೆಗೆ ಪ್ರವೇಶವಿಲ್ಲ. ಮುಚ್ಚಿದ ಡಬ್ಬಿಯಲ್ಲಿರುವ ಜೇಡಕ್ಕೆ ಇರುವೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಓಡಲು ಜಾಗವಿಲ್ಲ, ಇರುವೆಯ ಸಾಲು ನುಗ್ಗಿದರೆ ರಾತ್ರೋರಾತ್ರಿ ಕಥೆ ಮುಗಿಯಿತು. ವಿದೇಶಿ ಹವ್ಯಾಸಿಗಳು ತಲೆ ಕೆಡಿಸಿಕೊಳ್ಳುವ ಸಮಸ್ಯೆಗೆ ನಮ್ಮ ರೇಷ್ಮೆ ರೈತರ ಹತ್ತಿರ ಉತ್ತರ ಮೊದಲೇ ಇದೆ!

ಸ್ಟ್ಯಾಂಡನ್ನು ಗೋಡೆಗೆ ತಾಗದ ಹಾಗೆ, ಅಲುಗದ ಹಾಗೆ ಗಟ್ಟಿಯಾಗಿ ನಿಲ್ಲಿಸಿ. ಇದು ಬಹಳ ಮುಖ್ಯ! ಜೇಡ ಜಗತ್ತನ್ನು ಅರಿಯುವುದೇ ಕಂಪನದಿಂದ. ನಡುಗುವ ಶೆಲ್ಫಿನಲ್ಲಿ ಅದಕ್ಕೆ ನೆಮ್ಮದಿಯಿಲ್ಲ. ಬಾಗಿಲು ಧಡ್ ಎನ್ನುವ ಗೋಡೆ ಬೇಡ, ವಾಷಿಂಗ್ ಮೆಷಿನ್ ಪಕ್ಕ ಬೇಡ. ನೇರ ಬಿಸಿಲು ಬೀಳುವ ಕಿಟಕಿಯಂತೂ ಬೇಡವೇ ಬೇಡ. ಬಿಸಿಲಲ್ಲಿಟ್ಟ ಗಾಜಿನ ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲೇ ಒಲೆಯಾಗುತ್ತದೆ. ಹೆಂಚಿನ ಮನೆಯಾದರೆ ಬೇಸಿಗೆಯಲ್ಲಿ ಮೇಲಿನ ಅಂತಸ್ತು ಖಾಲಿ ಬಿಡಿ.

ಸೊಳ್ಳೆ ಬತ್ತಿ? ಬೇಡ! ಸೊಳ್ಳೆಯ ಲಿಕ್ವಿಡ್ ಮೆಷಿನ್? ಅದೂ ಬೇಡ! ಜಿರಲೆಯ ಸ್ಪ್ರೇ? ಕೇಳಲೇಬೇಡಿ! ಹುಳು ಮನೆಯ ಹತ್ತಿರ ಔಷಧ ಹೊಡೆಯಬಾರದು ಎಂದು ರೇಷ್ಮೆ ಬೆಳೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲೂ ಅದೇ ನಿಯಮ.

ಈಗ ರಾಜಕುಮಾರನ ಪರಿಚಯ. ಹಗಲು ಹೊತ್ತು ಸುಣ್ಣದ ಗೋಡೆ ನೋಡಿ. ಕಿಟಕಿಯ ಪಕ್ಕ ನೋಡಿ. ಅವರೆಕಾಳಿನಷ್ಟು ಗಾತ್ರ. ಕಪ್ಪು ಮೈ, ಬೆನ್ನಿನ ಉದ್ದಕ್ಕೂ ಬಿಳಿ ಪಟ್ಟಿ. ಬಲೆ ಇಲ್ಲ. ನಡೆಯುತ್ತದೆ, ನಿಲ್ಲುತ್ತದೆ, ಟಕ್ಕನೆ ಜಿಗಿಯುತ್ತದೆ. ಅದು ಪ್ಲೆಕ್ಸಿಪಸ್‌ನ ಗಂಡು, ಜಿಗಿಯುವ ಜೇಡ!

ಹತ್ತಿರ ಹೋಗಿ. ಇನ್ನೂ ಹತ್ತಿರ. ಏನಾಯಿತು? ಅದು ನಿಮ್ಮ ಕಡೆ ತಿರುಗಿತು! ನಿಮ್ಮನ್ನೇ ನೋಡುತ್ತಿದೆ! ಮುಂದೆ ಎರಡು ದೊಡ್ಡ ಕಣ್ಣು, ಪಕ್ಕದಲ್ಲಿ ಎರಡು ಚಿಕ್ಕವು, ತಲೆಯ ಮೇಲೆ ಇನ್ನೂ ನಾಲ್ಕು. ಬೆನ್ನ ಹಿಂದೆ ನೊಣ ಬಂದರೂ ಗೊತ್ತಾಗುತ್ತದೆ. ಆ ಎರಡು ದೊಡ್ಡ ಕಣ್ಣು ಮಾತ್ರ ಬೇರೆಯೇ ಲೋಕ. ಮಸೂರ ಅಲುಗುವುದಿಲ್ಲ, ಅದರ ಹಿಂದಿನ ಉದ್ದನೆಯ ಕೊಳವೆ ಒಳಗೊಳಗೇ ಅತ್ತಿತ್ತ ಹೊರಳುತ್ತದೆ!

ಜಿಗಿಯುವ ಮುಂಚೆ ಅದು ಮಾಡುವ ಕೆಲಸ ಗಮನಿಸಿ. ಹಿಂಭಾಗವನ್ನು ಗೋಡೆಗೆ ಒಂದು ಕ್ಷಣ ಒತ್ತುತ್ತದೆ. ಯಾಕೆ? ನೂಲು ಅಂಟಿಸಲು! ಗುರಿ ತಪ್ಪಿದರೆ ಆ ನೂಲೇ ಹಗ್ಗ. ಜಿಗಿತದ ಬಲ ಎಲ್ಲಿಂದ? ಸ್ನಾಯು ಒದ್ದು ಹಾರುವುದಿಲ್ಲ ಈ ಜೀವಿ. ಮೈಯೊಳಗಿನ ದ್ರವವನ್ನು ಹಿಂಗಾಲುಗಳಿಗೆ ಒತ್ತಡದಿಂದ ನುಗ್ಗಿಸುತ್ತದೆ, ಕಾಲು ಫಟ್ಟನೆ ನೆಟ್ಟಗಾಗುತ್ತದೆ! ಮಣ್ಣೆತ್ತುವ ಜೆಸಿಬಿಯ ಕೈ ಮೇಲೇಳುವುದೂ ದ್ರವದ ಒತ್ತಡದಿಂದಲೇ!

ಇವನಿಗೆ ಅರಮನೆ ಬೇಕಿಲ್ಲ. ಗೇಣುದ್ದದ ಪಾರದರ್ಶಕ ಡಬ್ಬಿ ಸಾಕು. ಎರಡು ಎದುರು ಬದಿಗಳಲ್ಲಿ ಸೂಜಿ ಕಾಯಿಸಿ ಸಣ್ಣ ತೂತು. ಒಳಗೆ ಒಂದು ಒಣ ಕಡ್ಡಿ, ಎರಡು ಎಲೆ. ಈಗ ಹೇಳಿ, ಬಾಗಿಲು ಎಲ್ಲಿರಬೇಕು?

ಮೇಲೆ ಅಂದಿರಾ? ಎಲ್ಲರೂ ಹಾಗೇ ಅನ್ನುತ್ತಾರೆ. ತಪ್ಪು! ಜಿಗಿಯುವ ಜೇಡ ರಾತ್ರಿ ಮಲಗಲು ಬಿಳಿ ನೂಲಿನ ಜೋಲಿ ಹೆಣೆಯುತ್ತದೆ. ಎಲ್ಲಿ? ಡಬ್ಬಿಯ ಅತಿ ಎತ್ತರದ ಮೂಲೆಯಲ್ಲಿ! ಮುಚ್ಚಳ ಮೇಲಿದ್ದರೆ ನೀವು ತೆಗೆದಾಗಲೆಲ್ಲ ಅದರ ಹಾಸಿಗೆ ಹರಿಯುತ್ತದೆ. ಅದಕ್ಕೇ ಬಾಗಿಲು ಪಕ್ಕದಲ್ಲಿರಲಿ. ಅಥವಾ ಡಬ್ಬಿಯನ್ನೇ ತಲೆಕೆಳಗು ಮಾಡಿ, ಮುಚ್ಚಳ ಕೆಳಗೆ! ಕಾಸು ಖರ್ಚಿಲ್ಲ.

ನೆಲದ ಮೇಲೆ ಬದುಕುವ ದೊಡ್ಡ ಜೇಡಗಳ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅವಕ್ಕೆ ಎತ್ತರವೇ ಯಮ! ಒಂದು ಅಡಿ ಮೇಲಿನಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದು. ಹಾಗಾಗಿ ಅವುಗಳ ಪೆಟ್ಟಿಗೆ ಗಿಡ್ಡ, ಮಣ್ಣು ಆಳ. ಮರದ ಜೇಡದ ಪೆಟ್ಟಿಗೆ ಎತ್ತರ, ಒಳಗೆ ನೆಟ್ಟಗೆ ನಿಲ್ಲಿಸಿದ ತೊಗಟೆ. ವಿದೇಶದ ಶೆಲ್ಫುಗಳನ್ನು ನೋಡಿದರೆ ಪೆಟ್ಟಿಗೆಯ ಆಕಾರದಿಂದಲೇ ಒಳಗಿರುವವರು ಯಾರೆಂದು ಹೇಳಬಹುದು!

ಗಾಜೇ ಇಲ್ಲದ ಪೆಟ್ಟಿಗೆ ಗೊತ್ತೇ? ಬಲೆ ನೇಯುವ ಜೇಡಗಳಿಗೆ ಬರೀ ಚೌಕಟ್ಟು ಸಾಕು! ಲಂಡನ್ ಮೃಗಾಲಯದಲ್ಲಿ 2015ರಲ್ಲಿ ಜೇಡಗಳಿಗಾಗಿಯೇ ಒಂದು ಕೋಣೆ ತೆರೆದರು. ಜನ ಒಳಗೇ ನಡೆದು ಹೋಗುತ್ತಾರೆ. ತಲೆಯ ಹತ್ತಿರವೇ ದೊಡ್ಡ ದೊಡ್ಡ ಬಲೆ. ನಡುವೆ ಗಾಜಿಲ್ಲ, ಜಾಲರಿಯಿಲ್ಲ! ಊಟ ಸಿಗುತ್ತಿದ್ದರೆ ಜೇಡ ಬಲೆ ಬಿಟ್ಟು ಹೋಗುವ ಯೋಚನೆಯನ್ನೇ ಮಾಡುವುದಿಲ್ಲ. ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಬಲೆಯ ನಡುವೆ ಇಂಟು ಗುರುತು ಹಾಕಿ ಕೂರುವ ಆರ್ಜಿಯೋಪ್ ಇದೆಯಲ್ಲ, ಅದಕ್ಕೆ ಹಳೆಯ ಕಿಟಕಿಯ ಚೌಕಟ್ಟು ಒಡ್ಡಿ ನೋಡಿ!

ಊಟಕ್ಕೇನು? ಮಾವಿಗೆ ಹೆಸರಾದ ಶ್ರೀನಿವಾಸಪುರದ ಪಕ್ಕದಲ್ಲಿದ್ದುಕೊಂಡು ಈ ಪ್ರಶ್ನೆಯೇ? ಕಳಿತ ಮಾವಿನ ಒಂದು ಓಟೆಯನ್ನು ಬಾಟಲಿಯಲ್ಲಿಡಿ, ಮರುದಿನವೇ ಹಣ್ಣಿನ ನೊಣಗಳ ಸಂತೆ! ಮರಿ ಜೇಡಗಳಿಗೆ ಇದಕ್ಕಿಂತ ಒಳ್ಳೆಯ ಊಟವಿಲ್ಲ. ದೊಡ್ಡದಕ್ಕೆ ವಾರಕ್ಕೆರಡು ಮೂರು ಬಾರಿ ನೊಣ ಸಾಕು. ಹೊಟ್ಟೆ ದುಂಡಗಾಗಿದ್ದರೆ ಏನೂ ಹಾಕಬೇಡಿ. ನೀರು? ಒಂದು ಬದಿಗೆ ಸ್ವಲ್ಪ ತುಂತುರು ಹೊಡೆಯಿರಿ. ಬಂದು ಹನಿಗೆ ಬಾಯಿಟ್ಟು ಕುಡಿಯುತ್ತದೆ. ನೋಡಲು ಎರಡು ಕಣ್ಣು ಸಾಲವು!

ಒಂದೆರಡು ದಿನ ಜೋಲಿಯಿಂದ ಹೊರಗೇ ಬರದಿದ್ದರೆ ಗಾಬರಿಯಾಗಬೇಡಿ. ರೇಷ್ಮೆ ಹುಳುವಿನ ಹಾಗೆ ಅದೂ ಜ್ವರಕ್ಕೆ ಕೂತಿದೆ! ಹಳೆಯ ಚರ್ಮ ಕಳಚುತ್ತಿದೆ. ಆಗ ಮುಟ್ಟಬಾರದು, ಊಟವನ್ನೂ ಹಾಕಬಾರದು. ಮರಿ ಜೇಡದ ಒಂದು ಕಾಲು ಮುರಿದಿತ್ತೇ? ಚರ್ಮದ ಜೊತೆ ಹೊಸ ಕಾಲೂ ಬರುತ್ತದೆ!

ಇಷ್ಟೆಲ್ಲ ಮಾಡಿದರೆ ಸಿಗುವುದೇನು ಅಂತೀರಾ? ಕೇಳಿ, ಈಗ ಬರುತ್ತದೆ ನಿಜವಾದ ಅಚ್ಚರಿ!

2020. ಕೊರೊನಾ ಕಾಲ. ಜರ್ಮನಿಯ ಟ್ರಿಯರ್ ಊರು. ಡೇನಿಯೆಲಾ ರೋಸ್ಲರ್ ಎಂಬ ವಿಜ್ಞಾನಿ. ಹೊಲದಿಂದ ಜಿಗಿಯುವ ಜೇಡಗಳನ್ನು ತಂದು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದರು. ಒಂದು ರಾತ್ರಿ ಮನೆಗೆ ಬಂದು ನೋಡುತ್ತಾರೆ, ಜೇಡಗಳೆಲ್ಲ ಮುಚ್ಚಳದಿಂದ ಒಂದೊಂದೇ ಎಳೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿವೆ! ಅಲುಗಾಟವಿಲ್ಲ. ಸತ್ತವೇ?

ಇಲ್ಲ! ಮಲಗಿದ್ದವು!

ಅವರು ಮರಿಗಳನ್ನು ರಾತ್ರಿಯಿಡೀ ಕ್ಯಾಮೆರಾದಲ್ಲಿ ಹಿಡಿದರು. ಮರಿಗಳೇ ಯಾಕೆ? ಹುಟ್ಟಿದ ಮೊದಲ ದಿನಗಳಲ್ಲಿ ಅವುಗಳ ತಲೆ ಪಾರದರ್ಶಕ! ಒಳಗಿನ ಕಣ್ಣಿನ ಕೊಳವೆ ಹೊರಗಿನಿಂದಲೇ ಕಾಣುತ್ತದೆ. ಕಂಡದ್ದೇನು? ನಿದ್ದೆಯ ನಡುವೆ ಆ ಕೊಳವೆಗಳು ಪಟಪಟ ಹೊರಳಿದವು! ಕಾಲುಗಳು ಮುದುಡಿ ನಡುಗಿದವು. ಒಂದು ನಿಮಿಷ ದಾಟುವಷ್ಟು ಹೊತ್ತು. ಮತ್ತೆ ಶಾಂತ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ!

ನಾವು ಕನಸು ಕಾಣುವಾಗ ನಮ್ಮ ಕಣ್ಣುಗುಡ್ಡೆ ಹೊರಳುತ್ತದಲ್ಲ, ಹಾಗೆಯೇ! 2022ರಲ್ಲಿ ಪ್ರಬಂಧ ಪ್ರಕಟವಾಯಿತು. ಜೇಡಕ್ಕೂ ಕನಸು ಬೀಳುತ್ತದೆಯೇ? ಜಗತ್ತಿನ ವಿಜ್ಞಾನಿಗಳು ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳತೊಡಗಿದ್ದು ಕಿಟಕಿಯ ಕಟ್ಟೆಯ ಮೇಲಿನ ನಾಲ್ಕು ಡಬ್ಬಿಗಳಿಂದ! ಆ ಡಬ್ಬಿಗಳು ಮಾಸ್ತಿಯಲ್ಲಿ ಇರಬಾರದೇಕೆ? ಮುಳಬಾಗಿಲಿನಲ್ಲಿ ಇರಬಾರದೇಕೆ?

ಹೊಸ ಜೇಡಗಳೆಲ್ಲ ಸಿಕ್ಕಿ ಮುಗಿದಿವೆ ಅಂದುಕೊಂಡಿರಾ? 2022ರ ಏಪ್ರಿಲ್‌ನಲ್ಲಿ ಜಗತ್ತಿನ ಜೇಡಗಳ ಪಟ್ಟಿ 50,000 ಮುಟ್ಟಿತು. ಆ ಐವತ್ತು ಸಾವಿರದ ಗಡಿ ಮುಟ್ಟಿಸಿದ್ದು ಯಾರು? ಬ್ರೆಜಿಲ್‌ನ ಒಂದು ಜಿಗಿಯುವ ಜೇಡ! ಪಟ್ಟಿ ಅಲ್ಲಿಗೇ ನಿಂತಿಲ್ಲ. 2024ರಲ್ಲಿ ನಮ್ಮದೇ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಹೊಸ ಜಿಗಿಯುವ ಜೇಡವೊಂದು ಅದಕ್ಕೆ ಸೇರಿತು. ಹೆಸರು ತೆಂಕಣ ಜಯಮಂಗಲಿ! ಅದೇ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರು. ಕುಲದ ಹೆಸರೂ ಕನ್ನಡದ್ದೇ! ನಾಲ್ಕು ಜನ ಓಡಾಡುವ ಬೆಟ್ಟದಲ್ಲೇ ಹೀಗಾದರೆ, ಯಾರೂ ಬಗ್ಗಿ ನೋಡದ ನಮ್ಮ ಹುಣಸೆ ತೋಪುಗಳಲ್ಲಿ ಏನೇನಿದೆಯೋ!

ಶೆಲ್ಫಿಗೆ ತರಬಾರದ ಇನ್ನೊಂದು ಜೇಡವಿದೆ. ತರಬಾರದು ಯಾಕೆಂದರೆ, ಅದು ತನ್ನ ಶೆಲ್ಫನ್ನು ತಾನೇ ಕಟ್ಟಿಕೊಂಡಿದೆ!

ಜೇಡಗಳು ಒಂದನ್ನೊಂದು ತಿನ್ನುತ್ತವೆ, ಒಂಟಿಯಾಗಿ ಬದುಕುತ್ತವೆ ಎಂದು ಕೇಳಿದ್ದೀರಿ. ಸ್ಟೆಗೋಡೈಫಸ್ ಸರಾಸಿನೋರಮ್ ಆ ನಿಯಮ ಮುರಿಯುತ್ತದೆ! ಮುಳ್ಳು ಗಿಡದ ಮೇಲೆ ಬೂದು ಬಣ್ಣದ ನೂಲಿನ ಮುದ್ದೆ. ದೂರದಿಂದ ಕಸ ಅನ್ನಿಸುತ್ತದೆ. ಒಳಗೆ ಕೋಣೆ, ಓಣಿ, ಬಾಗಿಲು. ಒಂದೇ ಗೂಡಿನಲ್ಲಿ ನೂರಾರು ಜೇಡ, ಬಹುಪಾಲು ಹೆಣ್ಣು! ಸೇರಿ ಬಲೆ ನೇಯುತ್ತವೆ, ಸೇರಿ ಬೇಟೆಯಾಡುತ್ತವೆ, ಸೇರಿ ಉಣ್ಣುತ್ತವೆ. ಇವನ್ನು ನೋಡಲು ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದಿಂದ ಸಂಶೋಧಕರು ಬಂದರು. ಎಲ್ಲಿಗೆ? ಕೆ.ಜಿ.ಎಫ್. ದಾಟಿದರೆ ಸಿಗುವ ಕುಪ್ಪಂಗೆ!

ಆ ಗೂಡಿನ ತಾಯಿಯ ವಿಷಯ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮರಿಗಳಿಗೆ ಮೊದಲು ತನ್ನ ಬಾಯಿಂದಲೇ ದ್ರವ ಊಡುತ್ತಾಳೆ. ಆಮೇಲೆ ಅವಳ ಒಡಲೇ ಕರಗುತ್ತ ಬರುತ್ತದೆ. ಕೊನೆಗೆ ಮರಿಗಳು ಅವಳನ್ನೇ ತಿಂದು ಬೆಳೆಯುತ್ತವೆ. ಅವಳು ಓಡುವುದಿಲ್ಲ.

ಇಷ್ಟು ಕೂಡಿ ಬಾಳುವ ಜೇಡ ತೀರ ಅಪರೂಪ. ಅದಕ್ಕೇ ಯಾರಿಗೂ ಜೇಡರ ರೇಷ್ಮೆಯ ಹುಳು ಮನೆ ಕಟ್ಟಲಾಗಲಿಲ್ಲ! ಮಡಗಾಸ್ಕರ್‌ನಲ್ಲಿ ಬಂಗಾರದ ಬಣ್ಣದ ಜೇಡರ ನೂಲಿನಿಂದ ಒಂದು ಬಟ್ಟೆ ನೇಯ್ದರು, 2009ರಲ್ಲಿ ನ್ಯೂಯಾರ್ಕ್‌ನಲ್ಲಿ ತೋರಿಸಿದರು. ಬಣ್ಣ ಹಾಕಿಲ್ಲ, ನೂಲೇ ಬಂಗಾರ! ಬೇಕಾದ ಜೇಡಗಳೆಷ್ಟು? ಹತ್ತು ಲಕ್ಷಕ್ಕೂ ಹೆಚ್ಚು! ಒಂದೊಂದನ್ನೂ ಹಿಡಿದು, ನೂಲು ತೆಗೆದು, ಮತ್ತೆ ಬಿಟ್ಟು. ನಾಲ್ಕು ವರ್ಷದ ಕೆಲಸ!

2023ರಲ್ಲಿ ಚೀನಾದವರು ಇನ್ನೊಂದು ದಾರಿ ಹಿಡಿದರು. ಜೇಡವನ್ನು ಸಾಕುವ ಗೊಡವೆಗೇ ಹೋಗಲಿಲ್ಲ. ಜೇಡದ ವಂಶವಾಹಿಯನ್ನು ರೇಷ್ಮೆ ಹುಳುವಿಗೆ ಸೇರಿಸಿದರು. ಹುಳು ಜೇಡರ ನೂಲನ್ನೇ ಸುತ್ತಿತು! ಗುಂಡು ತಡೆಯುವ ಅಂಗಿಗೆ ಬಳಸುವ ಕೆವ್ಲಾರ್‌ಗಿಂತ ಆರು ಪಟ್ಟು ಗಟ್ಟಿತನ! ಹುಳುವೂ ಜೇಡವೂ ಒಂದೇ ಎಳೆಯಲ್ಲಿ!

ನಿಮ್ಮ ಶೆಲ್ಫಿಗೆ ನನ್ನದೊಂದೇ ಕೋರಿಕೆ. ದುಡ್ಡು ಕೊಟ್ಟು ಯಾವ ಜೇಡವನ್ನೂ ಕೊಳ್ಳಬೇಡಿ. ಮನೆಯ ಗೋಡೆಯ ಜೇಡವನ್ನು ಕೆಲವು ದಿನ ಇಟ್ಟುಕೊಳ್ಳಿ, ಕಣ್ತುಂಬ ನೋಡಿ, ಹಿಡಿದ ಜಾಗದಲ್ಲೇ ಬಿಟ್ಟುಬಿಡಿ. ಅದರ ಇಡೀ ಆಯುಸ್ಸು ಸುಮಾರು ಒಂದು ವರ್ಷ. ಅದನ್ನೆಲ್ಲ ಡಬ್ಬಿಯಲ್ಲೇ ಕಳೆಯಿಸಬೇಡಿ. ಬಿಡುವ ಮುನ್ನ ಮುಖದ ಕಡೆಯಿಂದ ಒಂದು, ಬೆನ್ನಿನ ಕಡೆಯಿಂದ ಒಂದು ಫೋಟೊ ತೆಗೆಯಿರಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಕ್ಕೆ ಹಾಕಿ. ತಾರೀಖು ಬರೆಯಿರಿ. ಊರಿನ ಹೆಸರು ಮರೆಯದೆ ಬರೆಯಿರಿ: ಮಾಸ್ತಿ, ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ.